ಸುಮ್ಮನೆ ಕೂರುವುದು ಹೇಗೆ

‘ಸುಮ್ಮನೆ’ ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಮುಖ. ಗಲಾಟೆ ಮಾಡುವ ಮಗುವಿಗೆ ‘ಸುಮ್ಮನೆ ಕೂತ್ಕೋ’ ಅಂದರೆ ಸದ್ದು ಮಾಡಬೇಡ ಎಂದರ್ಥ. ‘ಏನು ಬಂದಿದ್ದು?’ ಅಂತ ಕೇಳಿದವರಿಗೆ ‘ಸುಮ್ಮನೆ ಬಂದೆ’ ಅಂದರೆ ಕೆಲಸವೇನೂ ಇಲ್ಲ, ಕೇಳಿ ಪಡೆಯುವುದೂ ಏನಿಲ್ಲ ಎಂದರ್ಥ. ಧ್ಯಾನಕ್ಕೆ ಕೂತವರಿಗೆ ಮೊದಲನೆಯ ಸುಮ್ಮನೆ ಒಂದೆರಡು ವಾರದಲ್ಲಿ ಒಲಿಯುತ್ತದೆ. ಎರಡನೆಯದು ಸತಾಯಿಸುತ್ತದೆ.

ಯಾಕೆಂದರೆ ಈಗ ಧ್ಯಾನವೂ ಸುಧಾರಣೆಯ ಪಟ್ಟಿಗೆ ಸೇರಿಹೋಗಿದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ಹತ್ತು ಸಾವಿರ ಹೆಜ್ಜೆ ನಡೆಯಬೇಕು, ಸಕ್ಕರೆ ಬಿಡಬೇಕು, ಇಂಗ್ಲಿಷ್ ಸರಿಮಾಡಿಕೊಳ್ಳಬೇಕು, ಜೊತೆಗೆ ಇಪ್ಪತ್ತು ನಿಮಿಷ ಧ್ಯಾನ. ಮೊಬೈಲಿನ ಆಪ್ ‘ಸತತ 21 ದಿನ’ ಅಂತ ಬೆನ್ನು ತಟ್ಟುತ್ತದೆ, ಇಪ್ಪತ್ತೆರಡನೆಯ ದಿನ ತಪ್ಪಿತೆಂದರೆ ಸೊನ್ನೆಗೆ ತಂದು ನಿಲ್ಲಿಸುತ್ತದೆ. ಹಾಗಾದಾಗ ಕೂತ ಹೊತ್ತಿನಲ್ಲೂ ಒಳಗೆ ಒಬ್ಬ ಮೇಷ್ಟ್ರು ಬೆತ್ತ ಹಿಡಿದು ನಿಂತೇ ಇರುತ್ತಾರೆ. ಈ ಕಾಯಿಲೆ ಹೊಸದೇನಲ್ಲ. ಸಾರನಾಥದ ಮೊದಲ ಉಪದೇಶದಲ್ಲೇ ಬುದ್ಧ ಮೂರು ಬಗೆಯ ತೃಷ್ಣೆ ಹೇಳುತ್ತಾನೆ. ಒಂದು ಕಾಮತೃಷ್ಣೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಭವತೃಷ್ಣೆ, ‘ಏನೋ ಆಗಬೇಕು’ ಅನ್ನುವ ಬಾಯಾರಿಕೆ. ಮೂರನೆಯದು ವಿಭವತೃಷ್ಣೆ, ‘ಹೀಗಿರಬಾರದು, ಇದು ತೊಲಗಬೇಕು’ ಅನ್ನುವುದು. ಸ್ವಸುಧಾರಣೆಯ ಗೀಳಿನಲ್ಲಿ ಕೊನೆಯ ಎರಡೂ ಒಂದೇ ಎತ್ತಿನಗಾಡಿಗೆ ಕಟ್ಟಿದ ಜೋಡಿ.

ಇಲ್ಲಿ ಹೇಳುವ ಅಭ್ಯಾಸಕ್ಕೆ ದಿನಕ್ಕೆ 12 ನಿಮಿಷ ಮತ್ತು ಹೇಗೂ ಮಾಡಲೇಬೇಕಾದ ಒಂದು ಮನೆಗೆಲಸ ಸಾಕು.

ಮೊದಲು ಒಂದು ಪದ

ಮೈಂಡ್‌ಫುಲ್‌ನೆಸ್ (ಇಲ್ಲಿ ಹೇಳುವ ಎಚ್ಚರದ ಅಭ್ಯಾಸಕ್ಕೆ ಇಂಗ್ಲಿಷಿನ ಹೆಸರು) ಅನ್ನುವುದನ್ನು ‘ಏಕಾಗ್ರತೆ’ ಅಂದುಕೊಂಡು ಬರುವವರೇ ಹೆಚ್ಚು. ಅಲ್ಲೇ ಅರ್ಧ ತೊಂದರೆ ಶುರು. ಏಕಾಗ್ರತೆ ಅಂದರೆ ಒಂದರ ಮೇಲೆ ನೆಟ್ಟ ಮನಸ್ಸು, ಅದು ಕದಲಿದರೆ ಸೋಲು. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ಇದರ ಮೂಲ ಪದ ‘ಸತಿ’, ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ನಮ್ಮ ವಚನಗಳಲ್ಲಿ ‘ಅರಿವು’ ಅನ್ನುವುದಕ್ಕೆ ಎದುರಾಗಿ ನಿಲ್ಲುವ ಮಾತು ಅಜ್ಞಾನಕ್ಕಿಂತ ಹೆಚ್ಚಾಗಿ ‘ಮರವೆ’. ಇದು ಅಭ್ಯಾಸಕ್ಕೆ ತುಂಬಾ ಉಪಯೋಗಕ್ಕೆ ಬರುವ ಜೋಡಿ. ಮನಸ್ಸು ಎಲ್ಲೋ ಹೋಗಿದ್ದರೆ ಇಲ್ಲಿರುವುದು ಮರೆತುಹೋಗಿತ್ತು, ಅಷ್ಟೇ. ನೆನಪಾಯಿತು, ಬಂದಿರಿ. ಮರೆವಿಗೆ ಯಾರೂ ದಂಡ ಕಟ್ಟುವುದಿಲ್ಲ.

ಕೂರುವ ಏರ್ಪಾಡು

ದೇವರ ಕೋಣೆಯೇ ಆಗಬೇಕೆಂದಿಲ್ಲ, ಮಂಚದ ಪಕ್ಕದ ಮೂರಡಿ ನೆಲ ಸಾಕು. ಕಂಬಳಿಯನ್ನೋ ಜಮಖಾನವನ್ನೋ ಮಡಚಿ ಸುಮಾರು 4 ಅಂಗುಲ ಎತ್ತರ ಮಾಡಿ, ಅದರ ಮುಂದಿನ ಅಂಚಿನ ಮೇಲೆ ಕೂತು ಚಕ್ಕಳಮಕ್ಕಳ ಹಾಕಿ. ಸೊಂಟ ಮಂಡಿಗಿಂತ ಮೇಲಿರಬೇಕು. ಮಂಡಿ ಮೇಲಾದರೆ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ, ಐದೇ ನಿಮಿಷಕ್ಕೆ ಹೆಗಲೆಲುಬುಗಳ ನಡುವೆ ನೋವು ಕಾಣಿಸಿಕೊಳ್ಳುತ್ತದೆ. ಮಂಡಿ ನೆಲ ಮುಟ್ಟದೆ ತೂಗಾಡುತ್ತಿದ್ದರೆ ಅದರಡಿ ಮಡಚಿದ ಟವೆಲ್ ತುರುಕಿ. ಪದ್ಮಾಸನದ ಹಂಬಲ ಬೇಡ, ಅಭ್ಯಾಸವಿಲ್ಲದ ಮಂಡಿಗೆ ಅದು ಪೆಟ್ಟು ಮಾಡುತ್ತದೆ.

ನೆಲದ ಮೇಲೆ ಆಗದವರಿಗೆ ಕುರ್ಚಿ. ಮನೆಯಲ್ಲಿ ಇರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ ಕುರ್ಚಿ, ಅದರ ಆಸನ ಹಿಂದಕ್ಕೆ ಇಳಿಜಾರು. ಆಸನದ ಹಿಂಭಾಗಕ್ಕೆ ಮಡಚಿದ ಬೆಡ್‌ಶೀಟ್ ಇಟ್ಟು ಮಟ್ಟ ಮಾಡಿ, ಬೆನ್ನಿಗೆ ಆಧಾರ ಕೊಡದೆ ಕೂತು, ಅಂಗಾಲು ಪೂರ್ತಿ ನೆಲಕ್ಕೆ ಊರಿ. ಕುಳ್ಳಗಿರುವವರು ಕಾಲಡಿ ಮಣೆ ಇಟ್ಟುಕೊಳ್ಳಬಹುದು.

ಹೊತ್ತು ತಿಳಿಯಲು ಮೊಬೈಲ್ ಬೇಡ. ಅಡುಗೆಮನೆಯ ಟೈಮರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಊದುಬತ್ತಿ. ಒಮ್ಮೆ ಗಡಿಯಾರ ನೋಡುತ್ತಾ ಒಂದನ್ನು ಹಚ್ಚಿ, 12 ನಿಮಿಷಕ್ಕೆ ಎಷ್ಟು ಉದ್ದ ಉರಿಯಿತು ನೋಡಿಕೊಂಡು, ಆಮೇಲೆ ಅಷ್ಟಷ್ಟಕ್ಕೆ ಮುರಿದಿಟ್ಟುಕೊಳ್ಳಿ. ಹೊಗೆ ಆಗದವರು ಬಾಗಿಲಾಚೆ ಹಚ್ಚಲಿ ಅಥವಾ ಬಿಡಲಿ.

12 ನಿಮಿಷವೇ ಯಾಕೆ? ಮೊದಲ ಮೂರ್ನಾಲ್ಕು ನಿಮಿಷ ಮೈ ನೆಲೆಗೊಳ್ಳುವುದರಲ್ಲೇ ಹೋಗುತ್ತದೆ, ಐದಕ್ಕೆ ಎದ್ದರೆ ಏನೂ ನೋಡಿದ ಹಾಗಾಗುವುದಿಲ್ಲ. ಅರ್ಧ ಗಂಟೆ ಇಟ್ಟುಕೊಂಡರೆ ಅದು ವ್ರತವಾಗಿ, ಮೂರನೆಯ ದಿನ ಭಾರವಾಗುತ್ತದೆ. ಹನ್ನೆರಡರಲ್ಲಿ ಪವಿತ್ರವಾದದ್ದೇನೂ ಇಲ್ಲ, ಹತ್ತೂ ಆಗುತ್ತದೆ. ಕೂರುವ ಮೊದಲು ನಿರ್ಧರಿಸಿ, ಕೂತ ಮೇಲೆ ಬದಲಾಯಿಸಬೇಡಿ. ‘ಇವತ್ತು ಚೆನ್ನಾಗಿ ಆಗ್ತಿದೆ, ಇನ್ನೈದು ನಿಮಿಷ’ ಅನ್ನುವುದೂ ದುರಾಸೆಯೇ.

ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು, ಇಲ್ಲವೇ ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಕೂರುವುದು ಲೇಸು. ಊಟವಾದ ತಕ್ಷಣ ಕೂತರೆ ತೂಕಡಿಕೆ ಗ್ಯಾರಂಟಿ.

ಆ ಹನ್ನೆರಡು ನಿಮಿಷ

ಕಣ್ಣು ಅರೆಮುಚ್ಚಿ. ಮೊದಲ ಒಂದೆರಡು ನಿಮಿಷ ಬರೀ ಸದ್ದು ಕೇಳಿ. ಪಕ್ಕದ ಮನೆಯ ಕುಕ್ಕರ್ ಸೀಟಿ, ಹಾಲಿನವನ ಬೈಕು, ಫ್ಯಾನಿನ ಕಿರುಗುಡಿತ. ಯಾವ ಸದ್ದನ್ನೂ ಹುಡುಕಿಕೊಂಡು ಹೋಗುವುದು ಬೇಡ, ಅವೇ ಬರುತ್ತವೆ. ಆಮೇಲೆ ಮೈಭಾರ ಎಲ್ಲೆಲ್ಲಿ ನೆಲಕ್ಕೆ ತಾಗಿದೆ ಅನ್ನುವುದನ್ನು ಗಮನಿಸಿ. ಅಲ್ಲಿಂದ ಉಸಿರಿಗೆ ಬನ್ನಿ.

ಉಸಿರನ್ನು ನೋಡಲು ಒಂದು ತಾಣ ಬೇಕು. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್. ಎನ್. ಗೋಯೆಂಕಾ ಭಾರತಕ್ಕೆ ತಂದ ವಿಪಶ್ಯನಾ ಅನ್ನುವ ಬೌದ್ಧ ಧ್ಯಾನದ ಪರಂಪರೆಯಲ್ಲಿ ಅದು ಮೂಗಿನ ಹೊಳ್ಳೆಗಳ ಕೆಳಗೆ, ಮೇಲ್ದುಟಿಯ ಮೇಲಿನ ಚಿಕ್ಕ ಜಾಗ. ಅದೇ ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೋ ಹೇಳಿಕೊಟ್ಟ ಬಗೆಯಲ್ಲಿ ಹೊಟ್ಟೆಯ ಏರಿಳಿತ. ಯಾವುದು ಮೇಲು ಅನ್ನುವ ಜಗಳ ಬೇಡ. ನಿಮಗೆ ಎಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೋ ಅದನ್ನು ಹಿಡಿದು, ಕನಿಷ್ಠ ಒಂದು ತಿಂಗಳು ಬದಲಾಯಿಸಬೇಡಿ. ನೆಗಡಿ ಬಂದಾಗ ಮಾತ್ರ ಮೂಗಿನವರು ಹೊಟ್ಟೆಗೆ ಬರಬಹುದು. ಒಳಗೆ ಹೋಗುವ ಗಾಳಿ ತುಸು ತಂಪು, ಬರುವುದು ತುಸು ಬೆಚ್ಚಗೆ. ಹೊಟ್ಟೆಯಲ್ಲಾದರೆ ಉಡುಪು ಬಿಗಿಯಾಗಿ ಸಡಿಲವಾಗುವುದು ತಿಳಿಯುತ್ತದೆ. ಇಷ್ಟು ಒರಟು ವಿವರ ಸಾಕು. ಇದು ಪ್ರಾಣಾಯಾಮವಲ್ಲ. ಉದ್ದ ಉಸಿರು ಉದ್ದ, ಗಿಡ್ಡ ಉಸಿರು ಗಿಡ್ಡ, ತಿದ್ದುವುದೇನೂ ಇಲ್ಲ.

ನಾಲ್ಕೋ ಐದೋ ಉಸಿರು ಕಳೆಯುವಷ್ಟರಲ್ಲಿ ನೀವು ಅಲ್ಲಿ ಇರುವುದಿಲ್ಲ. ಗ್ಯಾಸ್ ಬುಕ್ ಮಾಡಬೇಕಿತ್ತು, ನಿನ್ನೆ ಮೀಟಿಂಗಿನಲ್ಲಿ ಹಾಗೆ ಹೇಳಬಾರದಿತ್ತು, ತಂಗಿ ಫೋನ್ ಎತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ‘ಅರೆ!’ ಅನ್ನಿಸುತ್ತದೆ. ಆ ‘ಅರೆ’ ಅನ್ನುವ ಗಳಿಗೆಯೇ ಅರಿವು. ಅದನ್ನು ನೀವು ಮಾಡಿದ್ದಲ್ಲ, ತಾನಾಗಿ ಬಂತು. ಮನಸ್ಸಿನಲ್ಲೇ ಮೆಲ್ಲಗೆ ಒಂದು ಹೆಸರು ಕೊಡಿ: ‘ಯೋಚನೆ’. ಹೆಸರು ಒಂದೇ ಪದ, ಬೈಗುಳದ ದನಿಯಲ್ಲಿ ಬೇಡ. ಎಲ್ಲಿಂದ ಎಲ್ಲಿಗೆ ಹೋದೆ ಅಂತ ಹಿಂದಕ್ಕೆ ಎಳೆ ಹಿಡಿದು ಹೋಗಬೇಡಿ, ಅದು ಇನ್ನೊಂದು ಯೋಚನೆ. ಮುಂದಿನ ಉಸಿರು ಎಲ್ಲಿದೆಯೋ ಅಲ್ಲಿ ಸೇರಿಕೊಳ್ಳಿ.

2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಾರ್ವರ್ಡ್‌ನ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ವಯಸ್ಕರನ್ನು ಐಫೋನ್ ಮೂಲಕ ಆಗಾಗ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ’ ಅಂತ ಕೇಳಿದರು. ಕೇಳಿದ ಗಳಿಗೆಗಳಲ್ಲಿ ಶೇ 46.9ರಷ್ಟು ಸಲ ಮನಸ್ಸು ಕೈಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು, ಹಾಗಿದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು. ಸಾಮಾನ್ಯ ಜನರ ಸಾಮಾನ್ಯ ದಿನವೇ ಹೀಗಿದ್ದ ಮೇಲೆ ಕೂತಾಗ ಮೂವತ್ತು ಸಲ ಜಾರಿದರೆ ಅದೇನು ದೊಡ್ಡ ವಿಷಯ.

‘ಅಳತೆ’

ಯೋಚನೆಗಳಲ್ಲಿ ಒಂದನ್ನು ಮಾತ್ರ ಪ್ರತ್ಯೇಕ ಹೆಸರಿಟ್ಟು ಗುರುತಿಸಬೇಕು. ‘ಸರಿಯಾಗಿ ಮಾಡ್ತಿದ್ದೀನಾ?’ ‘ನಿನ್ನೆಯೇ ವಾಸಿ ಇತ್ತು.’ ‘ಇದರಿಂದ ಸಿಟ್ಟು ಕಡಿಮೆ ಆಗುತ್ತಾ?’ ‘ಇದೇ ಹೊತ್ತಲ್ಲಿ ಓದಬಹುದಿತ್ತು.’ ಇದಕ್ಕೆ ‘ಅಳತೆ’ ಅನ್ನಿ. ಇದು ಗ್ಯಾಸ್ ಬುಕಿಂಗ್‌ನ ಹಾಗೆ ಹೊರಗಿನ ವಿಷಯದ ವೇಷದಲ್ಲಿ ಬರುವುದಿಲ್ಲ, ಮೇಲ್ವಿಚಾರಕನ ವೇಷದಲ್ಲಿ ಬರುತ್ತದೆ. ಹಾಗಾಗಿ ಅದು ಯೋಚನೆ ಅನ್ನಿಸದೆ ‘ನಾನು’ ಅನ್ನಿಸಿಬಿಡುತ್ತದೆ. ಬಹಳ ವರ್ಷ ಕೂತವರೂ ಇಲ್ಲಿ ಮೋಸಹೋಗುತ್ತಾರೆ.

ಹಿಡಿಯುವ ದಾರಿ ಮೈಯಲ್ಲಿದೆ. ಅಳತೆ ಎದ್ದಾಗ ಹುಬ್ಬಿನ ನಡುವೆ ತುಸು ಬಿಗಿತ, ದವಡೆ ಕಚ್ಚಿರುತ್ತದೆ, ನಾಲಿಗೆ ಅಂಗುಳಕ್ಕೆ ಒತ್ತಿರುತ್ತದೆ, ತಲೆ ಒಂದಂಗುಲ ಮುಂದೆ ಬಂದಿರುತ್ತದೆ, ಬಸ್ ಬಂತೇ ಅಂತ ಇಣುಕುವವರ ಹಾಗೆ. ‘ಅಳತೆ’ ಅಂತ ಹೆಸರಿಟ್ಟು, ದವಡೆ ಬಿಟ್ಟು, ಆ ಬಿಗಿತವನ್ನೇ ಮೂರು ಉಸಿರಿನಷ್ಟು ಹೊತ್ತು ನೋಡಿ. ಸಡಿಲಿಸಲೇಬೇಕು ಅಂತಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಇದೆ, ಮಿಡಿಯುತ್ತಿದೆಯೇ, ನಿಂತಿದೆಯೇ? ಎಷ್ಟೋ ಸಲ ಹಾಗೆ ನೋಡುತ್ತಿರುವಾಗಲೇ ಕರಗುತ್ತದೆ. ಕರಗದೆ ಉಳಿದರೆ ‘ಇನ್ನೂ ಹೋಗಿಲ್ಲವಲ್ಲ’ ಅನ್ನಿಸುತ್ತದೆ, ಅದೂ ಅಳತೆಯೇ. ಅದಕ್ಕೂ ಅದೇ ಹೆಸರು, ಮತ್ತೆ ಉಸಿರು.

ಹೀಗೆ ಹೆಸರಿಡುವುದನ್ನೇ ಚುರುಕಾಗಿ ಮಾಡಬೇಕೆಂಬ ಹಟವೂ ಕೆಲವರಿಗೆ ಹತ್ತುತ್ತದೆ. ಪಾಲಿ ಗ್ರಂಥಗಳಲ್ಲಿ ಸೋಣ ಅನ್ನುವ ಭಿಕ್ಷುವಿನ ಪ್ರಸಂಗವಿದೆ. ಸಿರಿವಂತರ ಮಗ, ನಡೆಯುತ್ತಾ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು ರಕ್ತ ಬಂದರೂ ಫಲ ಕಾಣದೆ ಮನೆಗೆ ಮರಳುವ ಯೋಚನೆಯಲ್ಲಿದ್ದ. ಮೊದಲು ವೀಣೆ ನುಡಿಸುತ್ತಿದ್ದವನಾದ್ದರಿಂದ ಬುದ್ಧ ಅವನನ್ನು ತಂತಿಯ ಬಗ್ಗೆಯೇ ಕೇಳಿದ: ಹೆಚ್ಚು ಬಿಗಿದಾಗ ನುಡಿಯುತ್ತಿತ್ತೇ, ತೀರಾ ಸಡಿಲಿಸಿದಾಗ ನುಡಿಯುತ್ತಿತ್ತೇ? ಶ್ರುತಿ ಮಾಡುವವರಿಗೆ ಇದು ಗೊತ್ತು. ಬಿರಡೆ ತಿರುಗಿಸುವುದು ಕೂದಲೆಳೆಯಷ್ಟು, ಕಿವಿ ಕೊಡುವುದು ಪೂರ್ತಿ.

ಎಡವುವ ಜಾಗಗಳು

ಉಸಿರು ನೋಡಲು ಹೋದ ಕೂಡಲೇ ಅದು ಕೃತಕವಾಗಿ, ಎದೆ ಕಟ್ಟಿದಂತಾಗುವುದು ಬಹಳ ಮಂದಿಗೆ ಆಗುತ್ತದೆ. ಉಸಿರಾಟ ತಾನಾಗಿಯೂ ನಡೆಯುತ್ತದೆ, ಬೇಕೆಂದು ನಡೆಸಲೂ ಬರುತ್ತದೆ. ತೀಕ್ಷ್ಣವಾಗಿ ನೋಡಿದಾಗ ನಮಗೆ ಅರಿವಿಲ್ಲದೆ ಹಿಡಿತ ತೆಗೆದುಕೊಂಡುಬಿಡುತ್ತೇವೆ. ಎರಡು ನಿಮಿಷ ಉಸಿರನ್ನು ಬಿಟ್ಟು ಅಂಗೈಗಳಿಗೆ ಬನ್ನಿ. ಅಲ್ಲಿನ ಬಿಸಿ, ಜುಮ್ಮೆನ್ನುವಿಕೆ. ಉಸಿರು ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಬಂದ ಮೇಲೆ ಬೇಕಿದ್ದರೆ ವಾಪಸಾಗಿ, ಇಲ್ಲವೇ ಅಂಗೈಯಲ್ಲೇ ಉಳಿಯಿರಿ. ಆಸ್ತಮಾ ಇರುವವರು, ಉಸಿರಿನ ಬಗ್ಗೆಯೇ ದಿಗಿಲು ಹತ್ತುವವರು ಮೊದಲಿನಿಂದಲೇ ಅಂಗೈ, ಅಂಗಾಲು ಅಥವಾ ಸದ್ದನ್ನು ಹಿಡಿಯುವುದು ಒಳ್ಳೆಯದು.

ಕಾಲು ಜೋಮು ಹಿಡಿಯುವುದು ನರದ ಮೇಲೆ ಒತ್ತಡ ಬಿದ್ದದ್ದರಿಂದ. ಸಹಿಸಿಕೊಂಡು ಕೂರುವುದರಲ್ಲಿ ಪುಣ್ಯವಿಲ್ಲ. ‘ಕಾಲು ಬದಲಾಯಿಸಬೇಕು’ ಅನ್ನುವ ಒತ್ತಾಯವನ್ನು ಮೂರು ಉಸಿರು ನೋಡಿ, ಆಮೇಲೆ ನಿಧಾನವಾಗಿ, ಬದಲಾಯಿಸುವುದನ್ನೂ ಗಮನಿಸುತ್ತಾ ಬದಲಾಯಿಸಿ. ಎದ್ದೇಳುವಾಗ ಜೋಮು ಹೋಗುವವರೆಗೆ ನಿಲ್ಲಬೇಡಿ, ಮುಗ್ಗರಿಸುತ್ತೀರಿ. ಮಂಡಿಯೊಳಗೆ ಚುಚ್ಚುವ ನೋವು ಬೇರೆ ಮಾತು, ಅದಕ್ಕೆ ತಕ್ಷಣ ಕಾಲು ಬಿಡಿಸಿ, ನಾಳೆಯಿಂದ ಕುರ್ಚಿ.

ತೂಕಡಿಕೆಗೆ ಕಣ್ಣು ತೆರೆದು ಮೂರಡಿ ಮುಂದಿನ ನೆಲ ನೋಡಿ. ಬಗ್ಗದಿದ್ದರೆ ನಿಂತುಕೊಂಡೇ ಮಾಡಿ. ವಾರಪೂರ್ತಿ ಹೀಗೇ ಆದರೆ ನಿಮಗೆ ಬೇಕಾದ್ದು ನಿದ್ದೆ, ಆ 12 ನಿಮಿಷವನ್ನೂ ಅದಕ್ಕೇ ಕೊಡಿ.

ಇನ್ನೊಂದು ಎಡವಟ್ಟು ಕಾಣುವುದೇ ಇಲ್ಲ. ಒಂದು ದಿನ ಮನಸ್ಸು ತಿಳಿಗೊಳದಂತಾಗುತ್ತದೆ. ಮರುದಿನದಿಂದ ಅದನ್ನೇ ಮತ್ತೆ ತರಿಸುವ ಸರ್ಕಸ್: ಅದೇ ಜಾಗ, ಅದೇ ಬಟ್ಟೆ, ಅದೇ ಹೊತ್ತು. ಬರುವುದಿಲ್ಲ. ಆ ದಿನ ಹಾಗಾಗಿದ್ದಕ್ಕೆ ರಾತ್ರಿ ಚೆನ್ನಾಗಿ ನಿದ್ದೆ ಬಂದದ್ದೂ ಕಾರಣವಿರಬಹುದು. ಡೈರಿಯಲ್ಲಿ ಅಂಕ ಹಾಕುವ ಅಭ್ಯಾಸವಿದ್ದರೆ ಈ ಕಾರಣಕ್ಕೇ ನಿಲ್ಲಿಸಿ.

ಅಕ್ಕಿ ತೊಳೆಯುವಾಗ

ಕೂತ ಹನ್ನೆರಡು ನಿಮಿಷಕ್ಕಿಂತ ನಡುವಿನ ದಿನವೇ ದೊಡ್ಡದು. ಎಲ್ಲ ಕೆಲಸವನ್ನೂ ಎಚ್ಚರದಿಂದ ಮಾಡುತ್ತೇನೆ ಅಂತ ಹೊರಟರೆ ಮಧ್ಯಾಹ್ನದೊಳಗೆ ತಲೆ ಬಿಸಿಯಾಗುತ್ತದೆ. ಒಂದು ಕೆಲಸ ಆರಿಸಿ. ಎರಡರಿಂದ ಐದು ನಿಮಿಷದ್ದು, ಕೈ ತೊಡಗುವಂಥದ್ದು, ದಿನಾ ಬರುವಂಥದ್ದು.

ಅಕ್ಕಿ ತೊಳೆಯುವುದು ಇದಕ್ಕೆ ಹೇಳಿಮಾಡಿಸಿದಂತಿದೆ. ಎರಡು ಪಾವು ಅಕ್ಕಿ ಪಾತ್ರೆಗೆ ಸುರಿಯುವ ಸದ್ದಿನಿಂದ ಶುರು. ನೀರು ಬಿದ್ದೊಡನೆ ಸದ್ದು ಬದಲಾಗುತ್ತದೆ. ಬೆರಳಾಡಿಸಿದರೆ ಮೊದಲು ಒರಟು, ಕಾಳು ಕಾಳಾಗಿ ತಾಗುತ್ತದೆ, ಆಮೇಲೆ ಜಾರುತ್ತದೆ. ಮೊದಲ ನೀರು ಹಾಲಿನಂತೆ ಬೆಳ್ಳಗೆ, ಅಕ್ಕಚ್ಚು ಅನ್ನುತ್ತಾರಲ್ಲ, ಅದು. ಬಗ್ಗಿಸುವಾಗ ಅಂಗೈ ಅಡ್ಡ ಕೊಟ್ಟಾಗ ನಾಲ್ಕು ಕಾಳು ಬೆರಳಸಂದಿಗೆ ಅಂಟುತ್ತವೆ. ಎರಡನೆಯ ನೀರಿನಲ್ಲಿ ಕಾಳುಗಳು ಮಸುಕಾಗಿ ಕಾಣಿಸುತ್ತವೆ, ಮೂರನೆಯದರಲ್ಲಿ ಹೆಚ್ಚುಕಡಿಮೆ ತಿಳಿ. ನಿಧಾನಗತಿಯ ನಾಟಕ ಬೇಡ, ದಿನಾ ತೊಳೆಯುವ ವೇಗದಲ್ಲೇ ತೊಳೆಯಿರಿ. ರೇಡಿಯೊ, ಪಾಡ್‌ಕಾಸ್ಟ್ ಮಾತ್ರ ಆ ಮೂರು ನಿಮಿಷ ಬಂದ್. ‘ಸಾರಿಗೆ ಬೇಳೆ ಇಟ್ಟಿಲ್ಲ’ ಅನ್ನುವ ಯೋಚನೆ ಎರಡನೆಯ ನೀರಿಗೇ ಬರುತ್ತದೆ. ಬಂದದ್ದು ತಿಳಿದೊಡನೆ ಮತ್ತೆ ಬೆರಳಿಗೆ.

ಅಡುಗೆಮನೆಗೆ ಕಾಲಿಡದವರಿಗೆ ಸ್ಕೂಟರಿದೆ. ಕೆಂಪು ದೀಪದ ಪಕ್ಕ ಸೆಕೆಂಡು ಎಣಿಸುವ ಸಿಗ್ನಲ್‌ನಲ್ಲಿ 90 ಕಂಡೊಡನೆ ಕೈ ಜೇಬಿನ ಮೊಬೈಲಿಗೆ ಹೋಗುತ್ತದೆ. ಬದಲಿಗೆ ನೆಲಕ್ಕೂರಿದ ಕಾಲಿನ ಭಾರ, ಹ್ಯಾಂಡಲ್ ಮೇಲೆ ಅನಗತ್ಯವಾಗಿ ಬಿಗಿದ ಬೆರಳು, ಹೆಲ್ಮೆಟ್ಟಿನೊಳಗಿನ ಸ್ವಂತ ಉಸಿರಿನ ಬಿಸಿ ಗಮನಿಸಿ. ಕಣ್ಣು ರಸ್ತೆಯ ಮೇಲೇ ಇರಲಿ. ಗಾಡಿ ಹೊರಟ ಮೇಲೆ ಇದನ್ನೆಲ್ಲ ಬಿಟ್ಟು ಗಾಡಿ ಓಡಿಸಿ.

ಹಾಗಾದರೆ ಏನನ್ನೂ ಸುಧಾರಿಸಿಕೊಳ್ಳಬಾರದೇ?

ಪರೀಕ್ಷೆಗೆ ಓದಬೇಕಾದವರು ಓದಲೇಬೇಕು, ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದರೆ ಮಾಡಲೇಬೇಕು. ಕೆಲಸ ಒಂದು, ಕೆಲಸದ ಸುತ್ತ ನಮ್ಮನ್ನೇ ತಕ್ಕಡಿಗೆ ಹಾಕಿಕೊಳ್ಳುವುದು ಇನ್ನೊಂದು. ಎರಡನ್ನೂ ಬೇರ್ಪಡಿಸಲು ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ‘ನಾನು ಇನ್ನೂ ಉತ್ತಮವಾಗಬೇಕು’ ಅನ್ನುವ ತಳಮಳ ಎದ್ದಾಗ ಕೇಳಿಕೊಳ್ಳಿ: ಇದಕ್ಕಾಗಿ ಮುಂದಿನ ಹತ್ತು ನಿಮಿಷದಲ್ಲಿ ಕೈಯಾರೆ ಮಾಡುವಂಥದ್ದು ಏನಾದರೂ ಇದೆಯೇ? ಇದ್ದರೆ ಮಾಡಿ. ಆಮೇಲೆ ಮಾಡುವಂಥದ್ದಾದರೆ ಚೀಟಿಯಲ್ಲಿ ಒಂದು ಸಾಲು, ದಿನದ ಸಮೇತ: ‘ಗುರುವಾರ, ಬ್ಯಾಂಕಿಗೆ ಫೋನ್’. ಎರಡೂ ಅಲ್ಲದಿದ್ದರೆ ಅದು ಅಳತೆ, ಅದಕ್ಕೆ ಹೆಸರು ಇಟ್ಟಾಗಿದೆ. ‘ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು’ ಅನ್ನುವಂಥವು ಚೀಟಿಯಲ್ಲಿ ಬರೆಯಲು ಬರುವುದೇ ಇಲ್ಲ, ಬರೆದು ನೋಡಿ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಆರಂಭಿಸಿದ ಧ್ಯಾನ ಕಾರ್ಯಕ್ರಮದಲ್ಲೂ ಇದೇ ಕಗ್ಗಂಟಿತ್ತು. ಅಲ್ಲಿಗೆ ಬಂದವರಲ್ಲಿ ಹಳೆಯ ನೋವುಗಳಿಂದ ಬಳಲುತ್ತಿದ್ದವರು ಅನೇಕರು, ಬಂದದ್ದೇ ನೋವು ಕಡಿಮೆಯಾಗಲಿ ಅಂತ. ಅವರಿಗೆ ಕಲಿಸಿದ ಧೋರಣೆಗಳಲ್ಲಿ ಒಂದು, ಅಭ್ಯಾಸದ ಹೊತ್ತಿನಲ್ಲಿ ಯಾವ ಗುರಿಯ ಬೆನ್ನೂ ಹತ್ತದಿರುವುದು. ಬಂದ ಕಾರಣ ಮನೆಯಲ್ಲಿರಲಿ, ಕೂತಾಗ ಅದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ ಅನ್ನುವುದು ಅದರ ತಾತ್ಪರ್ಯ.

ಎಲ್ಲಿ ನಿಲ್ಲಿಸಬೇಕು

ಕಣ್ಣು ಮುಚ್ಚಿ ಕೂರುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ. ಹಳೆಯ ಆಘಾತದ ದೃಶ್ಯಗಳು ನುಗ್ಗಿ ಬಂದರೆ, ಮೈ ಬೇರೆ ನಾನು ಬೇರೆ ಅನ್ನಿಸಿ ಗಾಬರಿಯಾದರೆ, ಎದ್ದ ಮೇಲೂ ಗಂಟೆಗಟ್ಟಲೆ ದಿಗಿಲು ಉಳಿದರೆ ಅಲ್ಲಿಗೇ ನಿಲ್ಲಿಸಿ. ಕಣ್ಣು ತೆರೆದು ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿ, ತಣ್ಣೀರಿನಲ್ಲಿ ಮುಖ ತೊಳೆದು, ಯಾರ ಜೊತೆಗಾದರೂ ಮಾತಾಡಿ. ‘ಇದೂ ಹಾದುಹೋಗುತ್ತದೆ, ಇನ್ನಷ್ಟು ಕೂರು’ ಅನ್ನುವ ಸಲಹೆ ಇಂಥಲ್ಲಿ ಅಪಾಯಕಾರಿ. ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ನಂಬಿಕೊಂಡು ಮಾತ್ರೆ ಬಿಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಒಂದು ತಿಂಗಳು ಕೂತವರಿಗೆ ಹತ್ತು ದಿನದ ವಿಪಶ್ಯನಾ ಶಿಬಿರದ ಆಸೆ ಹುಟ್ಟುವುದು ಸಹಜ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲದಂಥ ಕೇಂದ್ರಗಳಲ್ಲಿ ಶುಲ್ಕವಿಲ್ಲ, ಮುಗಿಸಿದವರ ದೇಣಿಗೆಯಿಂದ ನಡೆಯುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರುವುದು, ಮಾತಿಲ್ಲ, ಮೊಬೈಲಿಲ್ಲ, ಮೊದಲ ಮೂರು ಚಿಲ್ಲರೆ ದಿನ ಬರೀ ಉಸಿರು. ಅದು ಒಳ್ಳೆಯ ಅನುಭವವೇ. ಆದರೆ ಹನ್ನೆರಡು ನಿಮಿಷದಿಂದ ಹತ್ತು ಗಂಟೆಗೆ ಜಿಗಿಯುವುದು ಸಣ್ಣ ಮಾತಲ್ಲ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆ ಮಾಡದೆ ಉತ್ತರಿಸಿ. ‘ಮುಂದಿನ ಹಂತ’ ಅಂತ ಹೋಗುವ ಯೋಚನೆಯಿದ್ದರೆ ಆರು ತಿಂಗಳು ತಡೆಯಿರಿ.

ಊರಿಗೆ ಹೋದಿರಿ, ಮದುವೆ ಬಂತು, ಜ್ವರ ಬಂತು, ಹದಿನೈದು ದಿನ ತಪ್ಪಿಹೋಯಿತು. ಕಂಬಳಿ ಕೊಡವಿ ಮತ್ತೆ ಕೂರಿ. ತಪ್ಪಿದ್ದನ್ನು ತುಂಬಿಸಲು ಇಪ್ಪತ್ತನಾಲ್ಕು ನಿಮಿಷ ಬೇಡ, ಹನ್ನೆರಡೇ. ಮೊದಲ ಉಸಿರಿಗೇ ‘ಹದಿನೈದು ದಿನ ಹಾಳಾಯಿತಲ್ಲ’ ಅನ್ನಿಸುತ್ತದೆ. ದವಡೆ ನೋಡಿಕೊಳ್ಳಿ, ಕಚ್ಚಿರುತ್ತದೆ.